ವಿಲ್ಗಟ್ ಶೋಮನ್: ಹಳದಿ ಮೊದಲೋ, ನೀಲಿ ಮೊದಲೋ?

ಹಳೇರೀಲು:
ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಸಿನಿಮಾಗಳು ಹೆಚ್ಚುಕಮ್ಮಿ ಮುಗಿದವು, ಈಗ ಅಲ್ಲಿಯವರೇ ಆದ ವಿಲ್ಗಟ್ ಶೋಮನ್ ಚಿತ್ರ ನೋಡೋಣ ಅಂತ. ‘ಐ ಆ್ಯಮ್ ಕ್ಯೂರಿಯಸ್’ ಯೆಲ್ಲೋ, ಬ್ಲೂ ಅಂತ ಎರಡಿದೆಯಲ್ಲ, ಬ್ಲೂ ಮುಂದಿನ ಭಾಗವಾ? ಇನ್ನೊಂದು, ಅಮೆರಿಕದ ಕೋರ್ಟಲ್ಲಿ ಸಿನಿಮಾ ಗೆದ್ದಿತು ಅಂತ ಒಂದು ಕಡೆ, ಸೋತಿತು ಅಂತ ಮತ್ತೊಂದು ಕಡೆ ಇದೆ. ಯಾವುದು ಸರಿ?

ಮೂರನೇಸಾಲು:
ಮುಂದಿನ ಭಾಗ ಅಲ್ಲ. ಒಂದೇ ಸಲಕ್ಕೆ ಶೂಟ್ ಮಾಡಿದ್ದನ್ನು ಎರಡು ಚಿತ್ರವಾಗಿ ಎಡಿಟ್ ಮಾಡಿದ್ದು: ಯೆಲ್ಲೋ 1967, ಬ್ಲೂ 1968. ಎರಡೂ ಸೇರಿದರೆ ಸ್ವೀಡನ್ ಬಾವುಟದ ಬಣ್ಣ. ಬಣ್ಣ ಹೆಸರಲ್ಲಷ್ಟೇ, ಚಿತ್ರಗಳು ಕಪ್ಪುಬಿಳುಪು.

ಯೆಲ್ಲೋದಿಂದಲೇ ಶುರುಮಾಡಿ. ನಾಯಕಿ ಲೆನಾ ನೀಮನ್ ಮೈಕ್ ಹಿಡಿದು ಸ್ಟಾಕ್‌ಹೋಮ್ ಬೀದಿಯಲ್ಲಿ ಜನರನ್ನು ‘ನಮ್ಮಲ್ಲಿ ವರ್ಗಭೇದ ಇದೆಯಾ?’ ಅಂತ ಕೇಳ್ತಾಳೆ. ಸ್ಪೇನ್‌ಗೆ ರಜೆಗೆ ಹೋಗಿಬಂದವರನ್ನು ತಡೆದು ಫ್ರಾಂಕೋ ಸರ್ವಾಧಿಕಾರದ ಬಗ್ಗೆ ಕೆದಕ್ತಾಳೆ. ಬಿಸಿಲು ಕಾಯಿಸಿ ಬಂದವರ ಮುಖ ಆಗ ನೋಡ್ಬೇಕು. ಮಧ್ಯೆ ಸ್ವೀಡನ್ ರಾಜಕಾರಣಿ ಓಲೋಫ್ ಪಾಲ್ಮೆ, ಮಾರ್ಟಿನ್ ಲೂಥರ್ ಕಿಂಗ್ ಮಾತೂ ಬರುತ್ತೆ. ಮೊದಲ ಸಲ ನೋಡುವವರು ಎಡವೋದು ಇನ್ನೊಂದು ಜಾಗದಲ್ಲಿ: ಶೋಮನ್ ಸ್ವತಃ ‘ನಿರ್ದೇಶಕ ವಿಲ್ಗಟ್’ ಆಗಿ ನಟಿಸಿದ್ದಾರೆ. ದೃಶ್ಯದ ನಡುವೆಯೇ ಕ್ಯಾಮೆರಾ ತಂಡ ಕಾಣಿಸಿಕೊಂಡರೆ ಅದು ತಪ್ಪಲ್ಲ, ಬೇಕಂತಲೇ ಇಟ್ಟದ್ದು. ‘ಬಿಸಿ’ ಸಿನಿಮಾ ಅಂದುಕೊಂಡು ಕೂತರೆ ಅರ್ಧ ಗಂಟೆಗೇ ಆಕಳಿಕೆ ಗ್ಯಾರಂಟಿ.

ವಾಯಿದೆ:
ಕೇಸಿನ ವಿಷಯ. ಎರಡೂ ಸರಿ, ಯಾಕಂದ್ರೆ ಕೇಸು ಒಂದಲ್ಲ. ಯೆಲ್ಲೋ ಪ್ರಿಂಟನ್ನು 1968ರ ಜನವರಿಯಲ್ಲಿ ಅಮೆರಿಕದ ಕಸ್ಟಮ್ಸ್‌ನವರು ಜಪ್ತಿ ಮಾಡಿದರು. 1930ರ ಸುಂಕ ಕಾಯ್ದೆಯಲ್ಲಿ ದಾವೆ ಹೂಡೋದು ವಸ್ತುವಿನ ಮೇಲೆ, ಹಾಗಾಗಿ ಇಲ್ಲಿ ಪ್ರತಿವಾದಿ ಸಿನಿಮಾವೇ! ಜ್ಯೂರಿ ಅಶ್ಲೀಲ ಅಂತು. ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮೇಲ್ಮನವಿ ಕೋರ್ಟ್ 2–1ರಿಂದ ಅದನ್ನು ತಳ್ಳಿಹಾಕಿತು. ಆಗಿನ ಕಾನೂನಿನಂತೆ ಅಶ್ಲೀಲ ಅನ್ನಲು ‘ಸಾಮಾಜಿಕ ಮೌಲ್ಯ ಚೂರೂ ಇಲ್ಲ’ ಅಂತಲೂ ಆಗಬೇಕಿತ್ತು. ಇಷ್ಟು ರಾಜಕೀಯ ತುಂಬಿದ ಚಿತ್ರಕ್ಕೆ ಆ ಮಾತು ನಿಲ್ಲಲಿಲ್ಲ.

ಆದರೆ ಆ ತೀರ್ಪು ಆಮದಿನ ಮಟ್ಟಿಗೆ ಮಾತ್ರ. ಮೇರಿಲ್ಯಾಂಡ್ ರಾಜ್ಯದ್ದೇ ಬೇರೆ ಸೆನ್ಸಾರ್ ಮಂಡಳಿ ಇತ್ತು, ಅದು ಒಪ್ಪಲಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟ್ 4–4. ನ್ಯಾಯಮೂರ್ತಿ ಡಗ್ಲಸ್ ಈ ಕೇಸಿನಿಂದ ಹಿಂದೆ ಸರಿದಿದ್ದರು, ಯಾಕಂದ್ರೆ ವಿತರಕರಾದ ಗ್ರೋವ್ ಪ್ರೆಸ್‌ನ ಪತ್ರಿಕೆಯಲ್ಲಿ ಅವರ ಪುಸ್ತಕದ ಭಾಗ ಅಚ್ಚಾಗಿತ್ತು. ಸಮ ಬಿದ್ದರೆ ಕೆಳಗಿನ ಕೋರ್ಟಿನ ತೀರ್ಪೇ ಉಳಿಯುತ್ತೆ, ಪೂರ್ವನಿದರ್ಶನ ಆಗಲ್ಲ. ಮೇರಿಲ್ಯಾಂಡ್‌ನಲ್ಲಿ ನಿಷೇಧ ಉಳಿದದ್ದು ಹಾಗೆ.

ಕತ್ತರಿ:
ಯೆಲ್ಲೋ ಒಂದಕ್ಕೇ ನಿಲ್ಲಿಸಬೇಡಿ. ಗಲಾಟೆ ಶುರುವಾದದ್ದು ಶೋಮನ್‌ರ ಅದಕ್ಕೂ ಹಿಂದಿನ ಚಿತ್ರ ‘491’ರಿಂದ. ಬೈಬಲ್ಲಿನ ‘ಏಳೆಪ್ಪತ್ತು ಸಾರಿ’ ಕ್ಷಮೆ ಅಂದರೆ 490, ಅದರಾಚೆಯ ಪಾಪ ಅಂತ ಹೆಸರು. 1963ರಲ್ಲಿ ಸ್ವೀಡನ್ನಿನ ಸೆನ್ಸಾರ್ ನಿಷೇಧಿಸಿತು. ಸರ್ಕಾರ ಮಧ್ಯೆ ಬಂದು, ಕತ್ತರಿ ಹಾಕಿಸಿ, 1964ರಲ್ಲಿ ಬಿಟ್ಟಿತು. ಅದೇ ವರ್ಷ ಅಲ್ಲಿ ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷ ಹುಟ್ಟಲು ಈ ವಿವಾದವೂ ಒಂದು ಕಾರಣ.

ಬರ್ಗ್‌ಮನ್ ನೋಡಿದವರಿಗೆ ಸಲೀಸಾದ ಬಾಗಿಲು ಇನ್ನೊಂದಿದೆ. ಬರ್ಗ್‌ಮನ್‌ರ ‘ವಿಂಟರ್ ಲೈಟ್’ ಚಿತ್ರದ ತಯಾರಿಯನ್ನು ಶೋಮನ್ ಟಿವಿಗಾಗಿ ಐದು ಕಂತಲ್ಲಿ ಚಿತ್ರಿಸಿದ್ದಾರೆ. ಬರ್ಗ್‌ಮನ್‌ರದ್ದೇ ‘ಶೇಮ್’ನಲ್ಲಿ ಟಿವಿ ಸಂದರ್ಶಕನಾಗಿ ಬರೋದೂ ಇವರೇ.

ಹಳೇರೀಲು:
ಹಾಗಾದ್ರೆ ಐದು ಕಂತು, ‘491’, ಯೆಲ್ಲೋ, ಬ್ಲೂ. ಕೊನೆ ದಿನಗಳಲ್ಲೂ ಏನೋ ಕೇಸಿತ್ತಲ್ಲ?

ವಾಯಿದೆ:
ಅದು ಜಾಹೀರಾತಿನದು. ನೊಬೆಲ್ ಬಗೆಗಿನ ಅವರ ‘ಆಲ್ಫ್ರೆಡ್’ ಚಿತ್ರದ ನಡುವೆ ಸ್ವೀಡನ್ನಿನ ಟಿವಿ4 ಚಾನೆಲ್ ಜಾಹೀರಾತು ತುರುಕಿತ್ತು. ಶೋಮನ್ ತೀರಿಕೊಂಡದ್ದು 2006ರಲ್ಲಿ, ಸ್ವೀಡನ್ ಸುಪ್ರೀಂ ಕೋರ್ಟ್ ನಿರ್ದೇಶಕರ ಪರ ತೀರ್ಪು ಕೊಟ್ಟದ್ದು 2008ರಲ್ಲಿ.