ನಾಲಿಗೆಯಡಿಯ ಮಾತ್ರೆ: ಬೋಟ್ ಹೊರಡುವ ಮೊದಲು ನಿಲ್ಲಿಸಬಹುದೇ?

ಮಲ್ಪೆಯ ಅಕ್ಕ:

ನನ್ನ ತಮ್ಮನಿಗೆ 27 ವರ್ಷ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಬಲೆಯ ಹಗ್ಗ ಬಡಿದು ಭುಜಕ್ಕೆ ಪೆಟ್ಟಾಯಿತು. ನೋವಿಗೆ ಟ್ರಮಡಾಲ್ ಕೊಟ್ಟರು. ಭುಜ ವಾಸಿಯಾದರೂ ಮಾತ್ರೆ ಅವನನ್ನು ಬಿಡಲಿಲ್ಲ. ಅದು ಸಿಗದಾದಾಗ ಬ್ರೌನ್ ಶುಗರ್, ಅಂದರೆ ಕಲಬೆರಕೆ ಹೆರಾಯಿನ್. ಅಮ್ಮನ ಬೆಂಡೋಲೆ ಕಾಣೆಯಾದ ಮೇಲೆಯೇ ನಮಗೆ ವಿಷಯ ತಿಳಿದದ್ದು.

ಮನೋವೈದ್ಯರ ಬಳಿ ಹೋಗಲು ಶುರುಮಾಡಿ ಈಗ ಏಳು ವಾರ. ಬ್ಯೂಪ್ರೆನಾರ್ಫಿನ್, ನ್ಯಾಲಕ್ಸೋನ್ ಎರಡೂ ಸೇರಿರುವ ಮಾತ್ರೆ ಕೊಟ್ಟಿದ್ದಾರೆ. ಬೆಳಗ್ಗೆ ನಾಲಿಗೆಯಡಿ ಇಟ್ಟುಕೊಂಡು ಕರಗುವ ತನಕ ಜಗಲಿಯಲ್ಲಿ ಮೌನವಾಗಿ ಕೂರುತ್ತಾನೆ. ಆಮೇಲೆ ಗಂಜಿ ಉಣ್ಣುತ್ತಾನೆ, ದಕ್ಕೆಗೆ ಹೋಗಿ ಬಲೆ ದುರಸ್ತಿ ಮಾಡುತ್ತಾನೆ, ಕೂಲಿಯನ್ನು ಅಮ್ಮನ ಕೈಗೆ ಕೊಡುತ್ತಾನೆ. ಇಷ್ಟು ಸಾಕು ಎಂದು ನನಗೆ ಅನಿಸುತ್ತದೆ. ಮಾವನಿಗೆ ಅನಿಸುವುದಿಲ್ಲ. 'ಒಂದು ಅಮಲು ಬಿಟ್ಟು ಇನ್ನೊಂದು ಹಿಡಿದ' ಎನ್ನುತ್ತಾರೆ.

ಜುಲೈ 31ಕ್ಕೆ ಮೀನುಗಾರಿಕೆಯ ನಿಷೇಧ ಮುಗಿಯುತ್ತದೆ. ಅಷ್ಟರೊಳಗೆ ಮಾತ್ರೆ ನಿಲ್ಲಿಸಿ ಬೋಟ್ ಹತ್ತಬೇಕು ಎಂಬುದು ಮಾವನ ಹಟ. ಒಮ್ಮೆ ಹೋದರೆ ಹತ್ತು ದಿನ ದಡವಿಲ್ಲ. ಇನ್ನು ನಾಲ್ಕೇ ವಾರ ಉಳಿದಿದೆ. ಅದರ ಜೊತೆಗೆ, 'ಇದರಲ್ಲಿ ಅಮಲೇ ಇಲ್ಲ' ಎಂದು ಯಾರೋ ಪರಿಚಿತರಿಂದ ನ್ಯಾಲ್ಟ್ರೆಕ್ಸೋನ್ ಮಾತ್ರೆ ತರಿಸಿ ಕಪಾಟಿನಲ್ಲಿ ಇಟ್ಟಿದ್ದಾರೆ. ಇದರ ಬದಲು ಅದನ್ನು ಕೊಡಬಹುದೇ?

ಕಂಕನಾಡಿ, ನಿವೃತ್ತ ನರ್ಸ್:

ಅಕ್ಕಾ, ಮೊದಲು ಕಪಾಟಿಗೆ ಬೀಗ ಹಾಕಿ. ಉಳಿದದ್ದು ಆಮೇಲೆ.

ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ತುಂಬಿದ ಸಿಟಿ ಬಸ್ಸನ್ನು ನೆನಪಿಸಿಕೊಳ್ಳಿ. ಮೆದುಳಿನಲ್ಲಿ ಅಫೀಮಿನ ಜಾತಿಯ ಔಷಧಿಗಳಿಗೆಂದೇ ಸೀಟುಗಳಿವೆ. ಬ್ಯೂಪ್ರೆನಾರ್ಫಿನ್ ಗಟ್ಟಿಯಾಗಿ ಸೀಟು ಹಿಡಿದು ಕೂರುತ್ತದೆ, ಆದರೆ ಗಲಾಟೆ ಮಾಡುವುದಿಲ್ಲ. ಸೀಟು ಖಾಲಿಯಿಲ್ಲದ ಕಾರಣ ಮೈ ಚಡಪಡಿಸುವುದಿಲ್ಲ. ಮೇಲಿಂದ ಬ್ರೌನ್ ಶುಗರ್ ಹತ್ತಿದರೂ ಅದಕ್ಕೆ ಹೆಚ್ಚೇನೂ ಜಾಗ ಸಿಗುವುದಿಲ್ಲ. ನ್ಯಾಲ್ಟ್ರೆಕ್ಸೋನ್ ಹಾಗಲ್ಲ. ಕೂತವರನ್ನೆಲ್ಲ ಕತ್ತಿನ ಪಟ್ಟಿ ಹಿಡಿದು ಇಳಿಸಿ, ತಾನು ಸೀಟಿನಲ್ಲಿ ಸುಮ್ಮನೆ ಕೂರುತ್ತದೆ. ಈಗ ಅದನ್ನು ನುಂಗಿದರೆ ವಾಂತಿ, ಭೇದಿ, ನಡುಕ ಎಲ್ಲವೂ ಒಟ್ಟಿಗೆ ಬಂದು ಆಸ್ಪತ್ರೆಗೆ ಸಾಗಿಸಬೇಕಾಗಬಹುದು. ಬ್ರೌನ್ ಶುಗರ್ ಬಿಟ್ಟು 7ರಿಂದ 10 ದಿನ ಕಳೆಯದೆ ನ್ಯಾಲ್ಟ್ರೆಕ್ಸೋನ್ ಶುರುಮಾಡುವುದಿಲ್ಲ. ಬ್ಯೂಪ್ರೆನಾರ್ಫಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಒಳ್ಳೆಯ ಔಷಧಿಯೇ, ಕುಡಿತಕ್ಕೂ ಕೊಡುತ್ತಾರೆ. ಆದರೆ ಕೊಡಬೇಕಾದವರು ವೈದ್ಯರು, ಮಾವನಲ್ಲ.

ನ್ಯಾಲಕ್ಸೋನ್ ಕೂಡ ಕೂತವರನ್ನು ಸೀಟಿನಿಂದ ಇಳಿಸುವ ಜಾತಿಯದೇ, ಹಾಗಿರುವಾಗ ತಮ್ಮನ ಮಾತ್ರೆಯಲ್ಲಿ ಅದು ಏಕೆ ಎಂದು ಕೆಲವರು ಹೆದರುತ್ತಾರೆ. ನಾಲಿಗೆಯಡಿ ಇಟ್ಟರೆ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಳ್ಳಲು ಹೊರಟವನಿಗೆ ಮಾತ್ರ ಅದರ ಬಿಸಿ ತಟ್ಟುತ್ತದೆ.

ಸುರತ್ಕಲ್‌ನವ:

ನಾನೂ ಇದೇ ಮಾತ್ರೆಯವನು. ನಾಲ್ಕನೆಯ ತಿಂಗಳಲ್ಲಿ, ತಂಗಿಯ ಮದುವೆಗೆ 'ಶುದ್ಧನಾಗಿ' ನಿಲ್ಲಬೇಕೆಂದು ಯಾರಿಗೂ ಹೇಳದೆ ಬಿಟ್ಟೆ. ಕಾಲಿನ ಸೆಳೆತ, ಆಕಳಿಕೆ, ಕಣ್ಣಲ್ಲಿ ನೀರು, ನಿದ್ದೆ ಮಾತ್ರ ಇಲ್ಲ. ಮದುವೆಯ ಫೋಟೋಗಳಲ್ಲಿ ನನ್ನನ್ನು ನೋಡಿದವರು ತಂಗಿಯನ್ನು ಕಳುಹಿಸುವ ದುಃಖ ಎಂದುಕೊಂಡಿದ್ದಾರೆ.

ಐದು ವಾರ ತಡೆದೆ. ಆಮೇಲೆ ಒಂದು ಸಂಜೆ ಹಳೆಯ ಅಮಲನ್ನೇ, ಹಳೆಯ ಅಳತೆಯಲ್ಲೇ ತೆಗೆದುಕೊಂಡೆ. ಅಷ್ಟರಲ್ಲಿ ಮೈಗೆ ಆ ಅಳತೆ ತಾಳುವ ಶಕ್ತಿ ಹೋಗಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಉಸಿರು ನಿಲ್ಲುತ್ತಿತ್ತಂತೆ. ತುರ್ತು ವಿಭಾಗದಲ್ಲಿ ನ್ಯಾಲಕ್ಸೋನ್ ಚುಚ್ಚಿ ಎಬ್ಬಿಸಿದರು. ಈಗ ಮೂರನೆಯ ವರ್ಷ. ವೈದ್ಯರು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ನಾನು ದಿನ ಎಣಿಸುವುದನ್ನು ಬಿಟ್ಟಿದ್ದೇನೆ.

ಇನ್ನೊಂದು ವಿಷಯ, ನನಗೆ ಯಾರೂ ಹೇಳಿರಲಿಲ್ಲ: ಮಾತ್ರೆ ಪೂರ್ತಿ ಕರಗಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಲಿ. ಹಲ್ಲುಜ್ಜಲು ಒಂದು ಗಂಟೆ ಕಾಯಲಿ. ಹಲ್ಲು ಹಾಳಾಗುತ್ತದೆ.

ಕಾರ್ಕಳದ ಓದುಗ:

ನನ್ನದು ಬ್ರಾಂದಿಯ ಕಥೆ, ಔಷಧಿಯೂ ಬೇರೆ: ಡೈಸಲ್ಫಿರಾಮ್. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಸಾಯುವುದೇ ಮೇಲು ಎನಿಸುತ್ತದೆ. ನನ್ನ ಭಾವ ಅದನ್ನು ಗುಟ್ಟಾಗಿ ಸಾರಿಗೆ ಹಾಕಿದ್ದ! ಏನೂ ತಿಳಿಯದೆ ಸಂಜೆ ಕುಡಿದು ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಮನೆಯವರ ಪ್ರೀತಿ ಔಷಧಿಯ ಪೆಟ್ಟಿಗೆಗೆ ಕೈಹಾಕಿದರೆ ಆಗುವುದು ಹೀಗೆ.

ಕೇಳಬೇಕೆನಿಸಿದ್ದು ಇದು: ಬೋಟಿನಲ್ಲಿ ರಾತ್ರಿ ಕುಡಿಯುವವರು ಇದ್ದಾರೆಯೇ? ಬ್ಯೂಪ್ರೆನಾರ್ಫಿನ್ ಜೊತೆ ಮದ್ಯವೋ ನಿದ್ದೆ ಮಾತ್ರೆಯೋ ಸೇರಿದರೆ ಉಸಿರಿಗೇ ಕುತ್ತು. ಹತ್ತಿರದ ಆಸ್ಪತ್ರೆ ಒಂದು ರಾತ್ರಿಯ ದೂರದಲ್ಲಿರುತ್ತದೆ.

ಮಲ್ಪೆಯ ಅಕ್ಕ:

ನಿನ್ನೆ ಮಾವನನ್ನೇ ಕರೆದುಕೊಂಡು ಹೋದೆ. ನ್ಯಾಲ್ಟ್ರೆಕ್ಸೋನ್ ಪೊಟ್ಟಣವನ್ನು ವೈದ್ಯರ ಮೇಜಿನ ಮೇಲಿಟ್ಟೆ. ಅವರು ಬೈಯಲಿಲ್ಲ. ಸಕ್ಕರೆ ಕಾಯಿಲೆಗೆ ನೀವು ಎಷ್ಟು ವರ್ಷದಿಂದ ಮಾತ್ರೆ ನುಂಗುತ್ತಿದ್ದೀರಿ ಎಂದು ಮಾವನನ್ನು ಕೇಳಿದರು. ಹದಿನಾಲ್ಕು ಎಂದರು ಮಾವ.

ಮೊದಲ ಟ್ರಿಪ್ ಬೇಡ, ಆಗಸ್ಟ್ ಮಧ್ಯದಲ್ಲಿ ನೋಡೋಣ ಎಂದಿದ್ದಾರೆ. ಆಗ ಹನ್ನೆರಡು ದಿನದ ಮಾತ್ರೆ, ಜೊತೆಗೊಂದು ಚೀಟಿ. ಬೋಟ್ ನಡೆಸುವ ತಾಂಡೇಲರಿಗೆ ತಮ್ಮನೇ ಹೇಳಿದ. ಮಾತ್ರೆಯ ಡಬ್ಬಿ ಅವರ ಬಳಿ ಇರುತ್ತದೆ, ದಿನಕ್ಕೊಮ್ಮೆ ಕೊಡುತ್ತಾರೆ. ಕುಡಿತದ ವಿಷಯವನ್ನೂ ಹೇಳಿಯಾಯಿತು.

ಬಸ್ಸಿನಲ್ಲಿ ಬರುವಾಗ ಉಡುಪಿಯವರೆಗೂ ಮಾವ ಮಾತಾಡಲಿಲ್ಲ. ಇಳಿಯುವಾಗ ಒಂದೇ ಕೇಳಿದರು: ಉಪ್ಪುಗಾಳಿಗೆ ಆ ಮಾತ್ರೆ ಹಾಳಾಗುವುದಿಲ್ಲವೇ?