ಹಳೇ ಸೇತುವೆಗೆ ‘ಗಾರೆ’ ಅಂದರೆ ಯಾವ ಗಾರೆ?

ಎಲ್ಲರಿಗೂ ನಮಸ್ಕಾರ.

ಹಳೇ ಮೈಸೂರು ಸೀಮೆಯ ಕಲ್ಲು ಸೇತುವೆಗಳ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಮೂರು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಬಲ್ಲವರು ಹೇಳಬೇಕು.

ಮೊದಲನೆಯದು ಗಾರೆ. ನಿಘಂಟು ನೋಡಿದರೆ ಸುಣ್ಣದ ಗಾರೆ ಅನ್ನೋ ಅರ್ಥವೇ ಮುಂದೆ ಬರುತ್ತದೆ. ಆದರೆ ಇವತ್ತು ಗಾರೆ ಕೆಲಸದವರನ್ನು ಕರೆದರೆ ಅವರು ತರುವುದು ಸಿಮೆಂಟು ಮರಳು, ಅಲ್ವಾ? ಹೀಗಿರುವಾಗ “ಬಿರುಕುಗಳಿಗೆ ಗಾರೆ ತುಂಬಬೇಕು” ಅಂತ ನಾನು ಬರೆದರೆ ಓದಿದವರು ಸಿಮೆಂಟು ಅಂತಲೇ ತಿಳಿಯುತ್ತಾರೆ. ಹಳೇ ಕಟ್ಟಡಕ್ಕೆ ಅದೇ ಅಪಾಯ. ಸುಣ್ಣದ ಗಾರೆ ಮೆತ್ತಗಿರುತ್ತದೆ, ಒಳಗಿನ ತೇವ ಹೊರಗೆ ಹೋಗಲು ಬಿಡುತ್ತದೆ. ಸಿಮೆಂಟು ಗಟ್ಟಿ, ತೇವವನ್ನು ಒಳಗೇ ಹಿಡಿದಿಡುತ್ತದೆ, ಕೊನೆಗೆ ಪಕ್ಕದ ಕಲ್ಲೋ ಇಟ್ಟಿಗೆಯೋ ಒಡೆಯುತ್ತದೆ. ಕನ್ನಂಬಾಡಿ ಕಟ್ಟೆಯನ್ನೇ ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ್ದು. ಹಾಗಾಗಿ ‘ಸುಣ್ಣದ ಗಾರೆ’ ಅಂತ ಪ್ರತಿ ಸಲ ಬಿಡಿಸಿ ಬರೆಯಲೋ, ‘ಗಚ್ಚು’ ಅನ್ನಲೋ? ಗಚ್ಚು ಅಂದರೆ ಗೋಡೆಗೆ, ನೆಲಕ್ಕೆ ಬಳಿಯುವುದು ಅಂತ ನನ್ನ ಕಿವಿಗೆ ಕೇಳಿಸುತ್ತದೆ, ಕಲ್ಲಿನ ಸಂದಿಗೆ ತುಂಬುವುದಕ್ಕೂ ಅದೇ ಮಾತು ನಡೆಯುತ್ತದಾ?

ಎರಡನೆಯದು ಬೋದಿಗೆ, ಅಂದರೆ ಕಂಬದ ತಲೆ ಮೇಲೆ ಚಾಚಿ ನಿಂತ ಕಲ್ಲು. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ನೋಡಿದವರಿಗೆ ಗೊತ್ತು, ಅದರಲ್ಲಿ ಕಮಾನೇ ಇಲ್ಲ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಮುಗಿದದ್ದು. (ಹೆಸರು ಟಿಪ್ಪು ವಿರುದ್ಧ ಕಾದಾಡಿದ ಆರ್ಥರ್ ವೆಲ್ಲೆಸ್ಲಿಯದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅಲ್ಲ, ಅವನ ಅಣ್ಣ ಗವರ್ನರ್ ಜನರಲ್‌ನದು.) ಕಾವೇರಿಯ ಬಂಡೆಗೆ ನೆಟ್ಟ ಕಲ್ಲುಕಂಬ, ಅದರ ತಲೆ ಮೇಲೆ ಎರಡೂ ಕಡೆಗೆ ಚಾಚಿದ ಕಲ್ಲು, ಅದರ ಮೇಲೆ ಉದ್ದನೆಯ ಕಲ್ಲಿನ ತೊಲೆ. ದೇವಸ್ಥಾನದ ಮಂಟಪ ಕಟ್ಟುವ ಕ್ರಮವೇ ಇದು. ದೇವಸ್ಥಾನದಲ್ಲಾದರೆ ಆ ಚಾಚಿದ ಕಲ್ಲಿಗೆ ಬೋದಿಗೆ ಅನ್ನುತ್ತೇವೆ. ಸೇತುವೆಗೂ ಅದನ್ನೇ ಬಳಸೋಣ ಅಂತ ನನಗೆ ಆಸೆ. ಸುಮ್ನೆ ‘ಆಧಾರಶಿಲೆ’ ಅಂತ ಬರೆದುಬಿಟ್ಟರೆ ಕಂಬ ಯಾವುದು, ಬೋದಿಗೆ ಯಾವುದು ಗೊತ್ತೇ ಆಗುವುದಿಲ್ಲ. ಯಾವ ಕಲ್ಲು ಜರುಗಿದೆ, ಯಾವುದು ಬಿರುಕು ಬಿಟ್ಟಿದೆ ಅಂತ ದಾಖಲಿಸುವಾಗ ಇದು ಸಣ್ಣ ವಿಷಯವಲ್ಲ. ಶಿವನಸಮುದ್ರದ ಹಳೇ ಕಲ್ಲು ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿ ಹೋಯಿತು. ಅಂಥದ್ದನ್ನು ಮತ್ತೆ ಎತ್ತಿ ನಿಲ್ಲಿಸಬೇಕೆಂದರೆ ಒಂದೊಂದು ಕಲ್ಲಿಗೂ ಹೆಸರು ಬೇಕೇ ಬೇಕು.

ಇನ್ನೊಂದು, ಅವಸರವಿಲ್ಲ. ಸೇತುವೆಗೆ ಕರಾವಳಿಯಲ್ಲಿ ಹೇಳುವ ‘ಸಂಕ’ ಸಂಸ್ಕೃತದ ಸಂಕ್ರಮದಿಂದ ಬಂದದ್ದು, ಮರಾಠಿಯ ಸಾಕವ ಕೂಡ ಅದರದೇ ನೆಂಟ. ಮಲೆನಾಡಿನಲ್ಲಿ ‘ಸಾರ’ ಅನ್ನುತ್ತಾರೆ. ಇವೆರಡೂ ಮರದ, ಬಿದಿರಿನ ಕಾಲುಸೇತುವೆಗೆ ಮಾತ್ರವೋ, ಗಾಡಿ ಹೋಗುವ ಕಲ್ಲಿನ ಸೇತುವೆಗೂ ಹೇಳುವುದುಂಟೋ? ತೀರ್ಥಹಳ್ಳಿ, ಶಿರಸಿ, ಕುಂದಾಪುರದ ಕಡೆಯವರು ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಕಲ್ಲುಕುಟಿಗರ ಮನೆತನದವರು ಯಾರಾದರೂ ಇಲ್ಲಿದ್ದರೆ ಬೋದಿಗೆ ವಿಷಯಕ್ಕೆ ನಿಮ್ಮ ಮಾತೇ ನನಗೆ ಹೆಚ್ಚು.