ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಕೂತು ನೋಡುವ ಕಾಮಿಡಿ, ಆ್ಯನಿಮೇಷನ್ ಯಾವುದು? ನೋಡಿದವರು ಹೇಳಿ

ಪ್ರಶ್ನೆ

ಮನೆಯಲ್ಲಿ 7 ವರ್ಷದ ಮಗ, 14ರ ಮಗಳು, ಎಪ್ಪತ್ತು ದಾಟಿದ ಅತ್ತೆ ಇದ್ದಾರೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಮಗನಿಗೆ ಸಬ್‌ಟೈಟಲ್ ಓದುವಷ್ಟು ವೇಗ ಇಲ್ಲ. ರಜೆಯಲ್ಲಿ ಎಲ್ಲರೂ ಸೇರಿ ನೋಡುವಂಥ ಈಚಿನ ಕಾಮಿಡಿ, ಆ್ಯನಿಮೇಷನ್ ಸಿನಿಮಾ ಹೇಳಿ. ಬರೀ ‘ಸೂಪರ್’ ಅಂದರೆ ಸಾಲದು. ಮಗು ಎಲ್ಲಿ ಹೆದರಬಹುದು, ದೊಡ್ಡವರಿಗೆ ಎಲ್ಲಿ ಮುಜುಗರ ಆಗಬಹುದು ಅನ್ನುವುದೂ ಬೇಕು.

ಮೈಸೂರಿನಿಂದ

ನಿಮ್ಮ ಮನೆಗೆ ಮೊದಲ ಆಯ್ಕೆ ‘ಫ್ಲೋ’ (2024). ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಮಾಡಿದ ಚಿತ್ರ, 2025ರಲ್ಲಿ ಆ್ಯನಿಮೇಷನ್ ವಿಭಾಗದ ಆಸ್ಕರ್ ಗೆದ್ದಿದೆ. ಇಡೀ ಸಿನಿಮಾದಲ್ಲಿ ಒಂದೂ ಮಾತಿಲ್ಲ. ಹಾಗಾಗಿ ಡಬ್ಬಿಂಗಿನ ತಲೆನೋವಿಲ್ಲ, ಸಬ್‌ಟೈಟಲಿನ ತಲೆನೋವೂ ಇಲ್ಲ, ಅತ್ತೆಯವರೂ ಮಗನೂ ಒಟ್ಟೊಟ್ಟಿಗೇ ನಗುತ್ತಾರೆ. ಪ್ರವಾಹ ಬಂದು ಒಂದು ಬೆಕ್ಕು, ನಾಯಿ, ಕೋತಿಯಂಥ ಲೆಮೂರ್, ಭಾರಿ ಇಲಿಯಂಥ ಕ್ಯಾಪಿಬಾರ, ಉದ್ದ ಕಾಲಿನ ಸೆಕ್ರೆಟರಿ ಹಕ್ಕಿ ಒಂದೇ ದೋಣಿ ಹತ್ತುತ್ತವೆ. ಪ್ರಾಣಿಗಳು ಮನುಷ್ಯರ ಹಾಗೆ ಆಡುವುದಿಲ್ಲ. ಲೆಮೂರ್ ಸಿಕ್ಕಿದ್ದನ್ನೆಲ್ಲ ಬುಟ್ಟಿಗೆ ತುಂಬಿಕೊಳ್ಳುತ್ತದೆ, ಕೈಗೆ ಕನ್ನಡಿ ಬಂದರೆ ಬಿಡುವುದೇ ಇಲ್ಲ. ಕ್ಯಾಪಿಬಾರ ಹೊತ್ತುಗೊತ್ತಿಲ್ಲದೆ ನಿದ್ದೆ ಹೊಡೆಯುತ್ತದೆ. ನಗು ಬರುವುದು ಇಂಥ ಕಡೆ.

ಎಚ್ಚರ ಬೇಕಾದ ಜಾಗ: ಬೆಕ್ಕು ನೀರಿನಲ್ಲಿ ಮುಳುಗುವ ದೃಶ್ಯಗಳು, ಮತ್ತೆ ಸೆಕ್ರೆಟರಿ ಹಕ್ಕಿಯ ರೆಕ್ಕೆಯನ್ನು ಅದರ ಗುಂಪಿನವೇ ಮುರಿಯುವುದು. ‘ಬೆಕ್ಕಿಗೆ ಏನೂ ಆಗಲ್ಲ’ ಅಂತ ಮಗನಿಗೆ ಮೊದಲೇ ಹೇಳಿಬಿಡಿ. ಕೊನೆಯಲ್ಲಿ ದಡಕ್ಕೆ ಸಿಕ್ಕಿಬಿದ್ದ ತಿಮಿಂಗಿಲ ನೋಡಿ ಮಕ್ಕಳು ಅಳುತ್ತಾರೆ. ಆದರೆ ಹೆಸರುಗಳೆಲ್ಲ ಓಡಿದ ಮೇಲೆ ಇನ್ನೊಂದು ಶಾಟ್ ಇದೆ, ಅಲ್ಲಿ ಸಮುದ್ರದಲ್ಲಿ ತಿಮಿಂಗಿಲ ಕಾಣಿಸುತ್ತದೆ. ಒಟಿಟಿಯಲ್ಲಿ ನೋಡುವಾಗ ಹೆಸರು ಶುರುವಾದ ತಕ್ಷಣ ಪರದೆ ಚಿಕ್ಕದಾಗಿ ಮುಂದಿನ ಚಿತ್ರಕ್ಕೆ ಹಾರುತ್ತದೆ. ರಿಮೋಟ್ ಕೈಯಲ್ಲೇ ಇಟ್ಟುಕೊಂಡು ಅದನ್ನು ತಡೆಯಿರಿ.

ಉಡುಪಿಯಿಂದ

ಕಾಮಿಡಿ ಅಂದರೆ ‘ಸು ಫ್ರಮ್ ಸೋ’ (2025) ಬಿಟ್ಟು ಮಾತಾಡಲಿಕ್ಕೆ ಆಗುವುದಿಲ್ಲ. ಜೆ.ಪಿ. ತುಮಿನಾಡು ಅವರೇ ಬರೆದು, ನಿರ್ದೇಶಿಸಿ, ನಟಿಸಿದ್ದು. ಪ್ರತಿ ಮನೆಯವರಿಗೂ ಪಕ್ಕದ ಮನೆಯ ಸುದ್ದಿ ಗೊತ್ತಿರುವ ಕರಾವಳಿಯ ಊರು. ಅಲ್ಲೊಬ್ಬ ಹುಡುಗನ ಮೈಮೇಲೆ ಸುಲೋಚನಾ ಎಂಬ ಹೆಂಗಸಿನ ದೆವ್ವ ಬಂದಿದೆ ಅಂತ ಗುಲ್ಲು. ಹೆದರಿಸುವ ಸಿನಿಮಾ ಅಲ್ಲ. ಹೆದರಿದ ಜನ ಏನೇನು ಮಾಡುತ್ತಾರೆ ಎಂದು ತೋರಿಸುವ ಸಿನಿಮಾ. ಊರಿಗೇ ಧೈರ್ಯ ಹೇಳುವ ರವಿಯಣ್ಣ ರಾತ್ರಿಯಾದ ಮೇಲೆ ನಡೆಯುವ ರೀತಿ ನೋಡಿ, ಅಷ್ಟಕ್ಕೇ ಟಿಕೆಟ್ ದುಡ್ಡು ವಸೂಲು.

ನೀವು ಮುಜುಗರ ಕೇಳಿದಿರಿ. ಇಡೀ ಗಲಾಟೆ ಶುರುವಾಗುವುದೇ ಆ ಹುಡುಗ ಒಂದು ಮನೆಯ ಬಚ್ಚಲಿಗೆ ಇಣುಕಿ ಸಿಕ್ಕಿಬಿದ್ದು, ತಪ್ಪಿಸಿಕೊಳ್ಳಲು ದೆವ್ವ ಬಂದವನ ಹಾಗೆ ಆಡುವುದರಿಂದ. ಕುಡಿಯುವ ದೃಶ್ಯಗಳಿವೆ. ಎರಡನೇ ಅರ್ಧದಲ್ಲಿ ಮನೆಯೊಳಗೆ ಕಿರುಕುಳ ಅನುಭವಿಸುವ ಹೆಣ್ಣುಮಗಳ ಕಥೆ ಬರುತ್ತದೆ, ನಗು ಅಲ್ಲಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. 14ರ ಮಗಳ ಜೊತೆ ನೋಡಲೇಬೇಕು, ಮಾತಾಡಲಿಕ್ಕೆ ವಿಷಯ ಇದೆ. 7ರ ಮಗನಿಗೆ ಮಾತ್ರ ಅದು ಅರ್ಥವಾಗದೆ ಬೇಜಾರು ಬರುತ್ತದೆ.

ಧಾರವಾಡದಿಂದ

ಉಡುಪಿಯವರು ಹೇಳಿದ್ದು ಖರೇ, ಆದ್ರ ಒಂದು ಮಾತು. ಆ ಸಿನಿಮಾದಾಗ ಅರ್ಧ ನಗು ಮಾತಿನ ಧಾಟಿಯೊಳಗ ಅದ. ಕರಾವಳಿ ಕನ್ನಡದ ಕಿವಿ ಇಲ್ಲದ ಹಿರಿಯರಿಗೆ ಮೊದಲ ಇಪ್ಪತ್ತು ನಿಮಿಷ ಕಷ್ಟ ಆಗ್ತದ, ಅಷ್ಟರಾಗ ಊರಿನ ಅಷ್ಟೂ ಮಂದಿ ಬಂದು ಹೋಗಿರ್ತಾರ. ಯಾರು ಯಾರ ಮನಿಯವರು ಅಂತ ಒಬ್ರು ಪಕ್ಕದಾಗ ಕೂತು ಹೇಳ್ರಿ.

ಎಲ್ಲಾರೂ ಕೂತು ನೋಡೂದಕ್ಕ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಛಲೋ. ಪೂರ್ಣಚಂದ್ರ ತೇಜಸ್ವಿಯವರ ಕಥಿ, ಅವರ ಓದುಗರೇ ರೊಕ್ಕ ಹಾಕಿ ಮಾಡಿಸಿದ್ದು. ಹಿಂದೂ ಹುಡುಗರೇ ತುಂಬಿದ ಕಾಲೇಜಿಗೆ ಮುಸ್ತಾಫಾ ಬರ್ತಾನ. ಅವನ ಬಗ್ಗೆ ಹುಟ್ಟೂ ಸುಳ್ಳು ಸುದ್ದಿಗಳೇ ತಮಾಷೆ, ಎರಡನೇ ಅರ್ಧದಾಗ ಕ್ರಿಕೆಟ್ ಮ್ಯಾಚ್. ಮಾತು ಗೊತ್ತಾಗದಿದ್ರೂ ಮ್ಯಾಚ್ ಬಂದಾಗ ಸಣ್ಣ ಹುಡುಗ ಎದ್ದು ನಿಂದರ್ತಾನ. ಉದ್ದ ಆತು ಅನಸ್ತದ, ಮ್ಯಾಚಿಗಿಂತ ಮೊದಲು ಒಂದು ಚಹಾ ಬಿಡುವು ಕೊಡ್ರಿ.

‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ (2023) ನನಗ ಭಾಳ ಸೇರಿದ ಚಿತ್ರ, ಆದ್ರ ನಿಮ್ಮ ಮನಿಗೆ ಬ್ಯಾಡ. ಒಂದೇ ರಾತ್ರಿಯ ಕಥಿ, ವಾರ್ಡನ್ ಹೆಣ, ಸಿಗರೇಟು, ಹಾಸ್ಟೆಲ್ ಬೈಗುಳ. ಕ್ಯಾಮೆರಾ ಹುಡುಗರ ಹಿಂದನ ಓಡ್ತದ, ಹಿರಿಯರಿಗೆ ತಲಿ ತಿರಗ್ತದ.

ಬೆಂಗಳೂರಿನಿಂದ

ಮೊದಲು ಸೆನ್ಸಾರ್ ಸರ್ಟಿಫಿಕೇಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ. 2024ರ ನಿಯಮಗಳ ನಂತರ ಯುಎ (ಚಿಕ್ಕ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡುವ ಚಿತ್ರ) ಅನ್ನುವುದು ವಯಸ್ಸಿನ ಪ್ರಕಾರ ಮೂರಾಗಿದೆ: ಯುಎ 7+, ಯುಎ 13+, ಯುಎ 16+. ಅದಕ್ಕೂ ಮುಂಚಿನ ಚಿತ್ರಗಳಿಗೆ ಬರೀ ‘ಯುಎ’ ಇರುತ್ತದೆ, ಅದರಿಂದ 7 ವರ್ಷದ ಮಗುವಿಗೆ ಆಗುತ್ತದೋ ಇಲ್ಲವೋ ತಿಳಿಯುವುದಿಲ್ಲ. ‘ಕಾರ್ಟೂನ್ ತಾನೇ’ ಅಂತ ಹಾಕುವುದೇ ಎಡವಟ್ಟು. ‘ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್’ (2022) ತುಂಬಾ ಒಳ್ಳೆಯ ಚಿತ್ರ, ಆದರೆ ಸೀಟಿ ಹೊಡೆಯುತ್ತ ಬರುವ ತೋಳ ಸಾಕ್ಷಾತ್ ಸಾವು. ಎರಡು ಕುಡುಗೋಲು ಹಿಡಿದು ಬರುವ ಅದನ್ನು ರಾತ್ರಿ ಮಲಗುವ ಮುಂಚೆ ತೋರಿಸಬೇಡಿ.

‘ದಿ ವೈಲ್ಡ್ ರೋಬೋಟ್’ (2024) ಅಜ್ಜಿಗೂ ಹಿಡಿಸುತ್ತದೆ. ದ್ವೀಪಕ್ಕೆ ಬಂದು ಬಿದ್ದ ರೋಬೋಟ್ ಒಂದು ಹೆಬ್ಬಾತಿನ ಮರಿ ಸಾಕುವ ಕಥೆ. ಮೂರು ಕೆಲಸ: ತಿನ್ನಲು, ಈಜಲು, ಚಳಿಗಾಲದ ವಲಸೆಗೆ ಮೊದಲು ಹಾರಲು ಕಲಿಸಬೇಕು. ಇದನ್ನು ಆರಂಭದಲ್ಲೇ ಅತ್ತೆಯವರಿಗೆ ಹೇಳಿಬಿಟ್ಟರೆ ಮುಂದೆ ಭಾಷೆ ಬೇಕಾಗುವುದು ಕಡಿಮೆ. ರೋಬೋಟ್ ಗೂಡಿನ ಮೇಲೆ ಬಿದ್ದು ಮರಿಯ ತಾಯಿ ಸಾಯುವುದು ಶುರುವಿನಲ್ಲೇ ಬರುತ್ತದೆ, ಮಗ ಕೇಳುವ ಪ್ರಶ್ನೆಗೆ ಸಿದ್ಧವಾಗಿರಿ.

‘ಇನ್‌ಸೈಡ್ ಔಟ್ 2’ (2024) ಮಗಳಿಗಾಗಿ. 13ಕ್ಕೆ ಕಾಲಿಟ್ಟ ರೈಲಿ ಎಂಬ ಹುಡುಗಿಯ ತಲೆಯೊಳಗೆ ಆತಂಕ, ಹೊಟ್ಟೆಕಿಚ್ಚು, ಮುಜುಗರ, ಬೇಸರ ಎಂಬ ಭಾವಗಳು ಪಾತ್ರಗಳಾಗಿ ಹೊಸದಾಗಿ ಸೇರುತ್ತವೆ. ಕೊನೆಯಲ್ಲಿ ಐಸ್ ಹಾಕಿ ಅಂಗಳದ ಪಕ್ಕ, ತಪ್ಪು ಆಡಿದವರನ್ನು ಕೂರಿಸುವ ಕಟಕಟೆಯಲ್ಲಿ ಅವಳಿಗೆ ಉಸಿರು ಸಿಗದಂತಾಗುವ ದೃಶ್ಯವನ್ನು ಇಷ್ಟು ಸರಿಯಾಗಿ ತೋರಿಸಿದ ಮಕ್ಕಳ ಚಿತ್ರ ಬೇರೊಂದು ಕಂಡಿಲ್ಲ. ಇದು ಮಾತಿನ ಮೇಲೇ ನಿಂತ ಸಿನಿಮಾ, ಅತ್ತೆಯವರನ್ನು ಕೂರಿಸುವುದು ಬೇಡ.

ಶಿವಮೊಗ್ಗದಿಂದ

ಆ್ಯನಿಮೇಷನ್ ಕನ್ನಡದಲ್ಲೇ ಬೇಕೆಂದರೆ ‘ಮಹಾವತಾರ ನರಸಿಂಹ’ (2025). ಪ್ರಹ್ಲಾದನ ಕಥೆ ಅಜ್ಜಿಗೆ ಬಾಯಿಪಾಠ, ಮೊಮ್ಮಗನಿಗೆ ಅವರೇ ವಿವರಿಸುತ್ತಾರೆ. ಪಾತ್ರಗಳ ಮುಖದಲ್ಲಿ ಭಾವ ಅಷ್ಟಾಗಿ ಮೂಡಿಲ್ಲ, ಮಾತಾಡುವಾಗ ಮುಖ ಬಿಗಿಯಾಗಿ ಕಾಣುತ್ತದೆ. ಆದರೆ ಕಂಬ ಒಡೆದ ಮೇಲಿನ ಭಾಗ ನಿಜಕ್ಕೂ ದೊಡ್ಡದು. ಅದೇ ಭಾಗ 7ರ ಮಗುವಿಗೆ ಕಷ್ಟವೂ ಹೌದು: ಕಾಳಗ ಉದ್ದ, ರಕ್ತ ಇದೆ. ಹಗಲು ಹಾಕಿ, ದನಿ ತಗ್ಗಿಸಿ.

ಪ್ರಶ್ನೆ ಕೇಳಿದವರು

ಮಗಳು ಸ್ಪೈಡರ್‌ಮ್ಯಾನ್‌ನ ಆ್ಯನಿಮೇಷನ್ ಚಿತ್ರ ‘ಸ್ಪೈಡರ್‌ವರ್ಸ್’ ಅಂತ ಹಠ ಹಿಡಿದಿದ್ದಾಳೆ. ಅದು ಕನ್ನಡದಲ್ಲಿ ಬಂದಿತ್ತಲ್ಲವೇ?

ಬೆಂಗಳೂರಿನಿಂದ

ಹೌದು, ‘ಅಕ್ರಾಸ್ ದಿ ಸ್ಪೈಡರ್‌ವರ್ಸ್’ 2023ರಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ನಮ್ಮ ಥಿಯೇಟರಿಗೆ ಬಂದಿತ್ತು. ಆದರೆ ಥಿಯೇಟರಿಗೆ ಬಂದ ಭಾಷೆಯೆಲ್ಲ ಒಟಿಟಿಗೂ ಬರುತ್ತದೆ ಅಂದುಕೊಳ್ಳಬೇಡಿ. ಬಾಡಿಗೆ ಕಟ್ಟುವ ಮೊದಲು ಆಡಿಯೋ ಪಟ್ಟಿ ತೆರೆದು ನೋಡಿ. ಚಿತ್ರ 140 ನಿಮಿಷ, ಕಥೆ ನಡುವೆಯೇ ನಿಲ್ಲುತ್ತದೆ, ಬಣ್ಣ ಬೆಳಕು ಮಿಂಚುತ್ತಲೇ ಇರುತ್ತದೆ. ಮಗಳು, ನೀವು ಇಬ್ಬರೇ ನೋಡಿ.

ಮೈಸೂರಿನಿಂದ

ಆ ಸಿನಿಮಾಕ್ಕೆ ಟಿವಿಯ ಸೆಟ್ಟಿಂಗ್ ಮುಖ್ಯ. ಅಲ್ಲಿ ಚಲನೆಯನ್ನು ಬೇಕೆಂದೇ ಅಲ್ಲಲ್ಲಿ ತುಂಡುತುಂಡಾಗಿ ಬಿಡಿಸಿದ್ದಾರೆ. ಟಿವಿಯ ಮೋಷನ್ ಸ್ಮೂದಿಂಗ್ ನಡುವೆ ತನ್ನದೇ ಫ್ರೇಮ್ ತುರುಕಿ ಅದನ್ನೆಲ್ಲ ನೀರು ಮಾಡುತ್ತದೆ. ಪಿಕ್ಚರ್ ಮೆನುವಿನಲ್ಲಿ ಅದನ್ನು ಆಫ್ ಮಾಡಿ, ಇಲ್ಲವೇ ಫಿಲ್ಮ್‌ಮೇಕರ್ ಮೋಡ್ ಹಾಕಿ. ಮಾತು ಸಣ್ಣಗೆ, ಸಂಗೀತ ಜೋರಾಗಿ ಕೇಳಿದರೆ ವಾಲ್ಯೂಮ್ ಮುಟ್ಟಬೇಡಿ. ಆಡಿಯೋದಲ್ಲಿ 5.1 (ಹಲವು ಸ್ಪೀಕರಿಗೆಂದು ಮಾಡಿದ ಧ್ವನಿ) ಬದಲು ಸ್ಟೀರಿಯೋ ಆರಿಸಿ, ಎರಡೇ ಸ್ಪೀಕರಿನ ಟಿವಿಯಲ್ಲಿ ಅತ್ತೆಯವರಿಗೆ ಮಾತು ಆಗ ಸ್ಪಷ್ಟವಾಗಿ ಕೇಳುತ್ತದೆ.